ಫುಟ್‌ಬಾಲ್ ಆಡುವವರು ರಕ್ತ ಪರೀಕ್ಷೆ ಮಾಡಿಸುವುದು ಹೇಗೆ?

ಭಾನುವಾರ ಮ್ಯಾಚ್, ಸೋಮವಾರ ಬೆಳಗ್ಗೆ ರಕ್ತ ಪರೀಕ್ಷೆ, ಮಂಗಳವಾರ ಲಿವರ್ ಡಾಕ್ಟರ ಬಾಗಿಲು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್ಬುಗಳಲ್ಲಾದರೆ ಟೀಮ್ ಡಾಕ್ಟರ್ ಇರುತ್ತಾರೆ. ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್ ಆಡುವ ಹುಡುಗರು ಬಡಾವಣೆಯ ಲ್ಯಾಬಿಗೆ ತಾವೇ ಹೋಗಿ, ಕೆಂಪು ಗುರುತು ಬಿದ್ದ ರಿಪೋರ್ಟ್ ಹಿಡಿದು ಗಾಬರಿಯಾಗುತ್ತಾರೆ. ರಿಪೋರ್ಟಿನ ಬಲಬದಿಯಲ್ಲಿರುವ ‘ನಾರ್ಮಲ್’ ಅಂಕಿಗಳು ಸಾಮಾನ್ಯ ಜನರವು. ಒಂದೇ ಮ್ಯಾಚಿನಲ್ಲಿ 10-12 ಕಿ.ಮೀ. ಓಡುವ ಮಿಡ್‌ಫೀಲ್ಡರ್‌ಗೆ ಅವು ಹಾಗೇ ಹೊಂದುವುದಿಲ್ಲ.

ಹಂತ 1: ದಿನ ಆರಿಸುವುದು

ಎಡವಟ್ಟೆಲ್ಲ ಆಗುವುದು ಇಲ್ಲೇ. ಜೋರಾಗಿ ಓಡಿ ಥಟ್ಟನೆ ನಿಂತಾಗ, ದಿಕ್ಕು ಬದಲಿಸಿದಾಗ ತೊಡೆಯ ಸ್ನಾಯುವಿನ ಎಳೆಗಳಿಗೆ ಸಣ್ಣ ಪುಟ್ಟ ಪೆಟ್ಟಾಗುತ್ತದೆ. ಆಗ ಅವುಗಳೊಳಗಿನ ಸಿಪಿಕೆ, ಎಸ್‌ಜಿಒಟಿ, ಎಸ್‌ಜಿಪಿಟಿ, ಎಲ್‌ಡಿಎಚ್ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಸಿಪಿಕೆ ಅತಿ ಹೆಚ್ಚಾಗುವುದು ಆಟ ಮುಗಿದ 24ರಿಂದ 48 ಗಂಟೆಗೆ, ಅಂದರೆ ಜನ ಸಾಮಾನ್ಯವಾಗಿ ಲ್ಯಾಬಿಗೆ ಹೋಗುವ ಹೊತ್ತಿಗೇ. ಇಳಿಯಲು 3ರಿಂದ 5 ದಿನ ಬೇಕು. ಗಂಡಸರಿಗೆ ಲ್ಯಾಬ್ ಕೊಡುವ ಮಿತಿ ಸುಮಾರು 200. ಸೀಸನ್ ನಡುವೆ ಆಟಗಾರನಲ್ಲಿ 500, 800, ಒಮ್ಮೊಮ್ಮೆ 1000 ದಾಟಿದರೂ ಹೊಸತಲ್ಲ. ಬಿಳಿ ರಕ್ತಕಣಗಳ ಲೆಕ್ಕ ಬೇರೆ: ಆಟವಾದ ಕೆಲವೇ ಗಂಟೆಗಳಲ್ಲಿ ಏರಿ, ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತವೆ. ಪ್ರಾಕ್ಟೀಸ್ ಮುಗಿಸಿ ನೇರ ಲ್ಯಾಬಿಗೆ ಹೋದವನಿಗೆ ಇಲ್ಲದ ಸೋಂಕಿನ ಅನುಮಾನ ಹತ್ತುವುದು ಹೀಗೆ.

ಆದ್ದರಿಂದ ಮ್ಯಾಚ್ ಅಥವಾ ಕಠಿಣ ಪ್ರಾಕ್ಟೀಸ್ ಆಗಿ ಕನಿಷ್ಠ 72 ಗಂಟೆ ಕಳೆಯಲಿ. ಭಾನುವಾರ ಸಂಜೆ ಆಡಿದವರು ಗುರುವಾರ ಬೆಳಗ್ಗೆ ರಕ್ತ ಕೊಡಬಹುದು. ನಡುವೆ ಹಗುರ ಪಾಸಿಂಗ್ ಸಾಕು. ಬುಧವಾರ ಜಿಮ್ಮಿಗೆ ಹೋಗಿ ಭಾರದ ಸ್ಕ್ವಾಟ್ ಹೊಡೆದರೆ ಲೆಕ್ಕ ಮತ್ತೆ ಸೊನ್ನೆಯಿಂದ. ರೂಢಿಯಿಲ್ಲದ ಭಾರ ಎತ್ತಿದರಂತೂ ಈ ಕಿಣ್ವಗಳು ವಾರದವರೆಗೂ ಮೇಲೆಯೇ ಇರಬಹುದು. ರಜೆ ಮುಗಿಸಿ ಬಂದು ಮೊದಲ ಪ್ರಾಕ್ಟೀಸ್ ಮಾಡಿದ ಮರುದಿನದಷ್ಟು ಕೆಟ್ಟ ದಿನ ಇನ್ನೊಂದಿಲ್ಲ. ಆ ಪ್ರಾಕ್ಟೀಸಿನ ಹಿಂದಿನ ದಿನವೇ ಪರೀಕ್ಷೆ ಮಾಡಿಸಿ ರಿಪೋರ್ಟ್ ಎತ್ತಿಡಿ. ಮುಂದೆ ವರ್ಷವಿಡೀ ಅದರೊಂದಿಗೇ ಹೋಲಿಸಬೇಕು, ಅದೂ ಒಂದೇ ಲ್ಯಾಬಿನಲ್ಲಿ.

ಹಂತ 2: ಮೂರು ದಿನ ಮೊದಲು

ಕ್ರಿಯಾಟಿನ್ ಪೌಡರ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಕಿಡ್ನಿ ಹೇಗಿದೆ ಎಂದು ತಿಳಿಯಲು ನೋಡುವ ರಕ್ತದ ಕ್ರಿಯಾಟಿನಿನ್ ಅದರಿಂದಲೂ ಏರುತ್ತದೆ. ಹಿಂದಿನ ರಾತ್ರಿ ಮಟನ್ ಊಟ ಬೇಡ, ಕಾರಣ ಅದೇ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಫಲಿತಾಂಶವನ್ನೇ ಕೆಡಿಸುತ್ತದೆ, ನಿಲ್ಲಿಸಿ. ಡಾಕ್ಟರ್ ಬರೆದುಕೊಟ್ಟ ಔಷಧಿಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ನೋವಿಗೆ ಸೊಂಟದ ಸ್ನಾಯುವಿಗೆ ಚುಚ್ಚುಮದ್ದು ತೆಗೆದುಕೊಂಡಿದ್ದರೆ ಸಿಪಿಕೆ ಅದರಿಂದಲೂ ಏರಿರಬಹುದು, ತಿಳಿಸಿ.

ಹಂತ 3: ರಕ್ತ ಕೊಡುವುದು

ಸಕ್ಕರೆ, ಕೊಬ್ಬಿನ ಪರೀಕ್ಷೆ ಇದ್ದರೆ 10-12 ಗಂಟೆ ಉಪವಾಸ, ನೀರು ಕುಡಿಯಬಹುದು. ಲ್ಯಾಬಿನಲ್ಲಿ ಹತ್ತು ನಿಮಿಷ ಕೂತು ಆಮೇಲೆ ತೋಳು ಕೊಡಿ. ನರ ಕಾಣಲಿ ಎಂದು ಮುಷ್ಟಿಯನ್ನು ಬಿಗಿದು ಬಿಚ್ಚಬೇಡಿ, ಪೊಟ್ಯಾಸಿಯಂ ಸುಳ್ಳೇ ಏರುತ್ತದೆ.

ಹಂತ 4: ರಿಪೋರ್ಟ್ ಓದುವುದು

ಎಸ್‌ಜಿಒಟಿ 80, ಎಸ್‌ಜಿಪಿಟಿ 60 ಬಂದಿದೆ ಎನ್ನಿ. ಜನ ಇವನ್ನು ‘ಲಿವರ್ ಟೆಸ್ಟ್’ ಎಂದೇ ಕರೆದರೂ ಎರಡೂ ಸ್ನಾಯುವಿನಲ್ಲೂ ಇವೆ. ತಕ್ಷಣ ಜಿಜಿಟಿ (ಲಿವರಿನ ಇನ್ನೊಂದು ಕಿಣ್ವ), ಬಿಲಿರುಬಿನ್ (ಲಿವರ್ ಹೊರಹಾಕುವ ಹಳದಿ ವಸ್ತು), ಸಿಪಿಕೆ ನೋಡಿ. ಸ್ನಾಯು ನೊಂದರೆ ಜಿಜಿಟಿ ಏರುವುದಿಲ್ಲ. ಹಾಗಾಗಿ ಅದೂ ಬಿಲಿರುಬಿನ್ನೂ ಸರಿಯಿದ್ದು, ಸಿಪಿಕೆ ಮಾತ್ರ ಏರಿದ್ದರೆ ಬೊಟ್ಟು ತೋರಿಸಬೇಕಾದದ್ದು ತೊಡೆಯ ಕಡೆಗೆ. ವಾರ ವಿಶ್ರಾಂತಿ ಪಡೆದು ಮತ್ತೊಮ್ಮೆ ಮಾಡಿಸಿ. ಆಗಲೂ ಇಳಿಯದಿದ್ದರೆ ಅಥವಾ ಜಿಜಿಟಿಯೂ ಏರಿದ್ದರೆ ಡಾಕ್ಟರ ಬಳಿ ಹೋಗಲೇಬೇಕು. ಅರವತ್ತು ಎಂಬತ್ತು ಪರೀಕ್ಷೆಗಳ ‘ಫುಲ್ ಬಾಡಿ’ ಪ್ಯಾಕೇಜಿನಲ್ಲೂ ಎಷ್ಟೋ ಸಲ ಸಿಪಿಕೆ ಇರುವುದಿಲ್ಲ, ಕೇಳಿ ಸೇರಿಸಿಕೊಳ್ಳಿ. ಲಿವರ್ ತೊಳೆಯುವುದಾಗಿ ಹೇಳುವ ಸಿರಪ್ಪುಗಳಿಗೆ ದುಡ್ಡು ಸುರಿಯಬೇಡಿ. ಲಿವರಿಗೆ ಏನೂ ಆಗಿರದಿದ್ದಾಗ ಅವು ಸರಿಪಡಿಸುವುದಾದರೂ ಏನನ್ನು?

ಹಿಮೋಗ್ಲೋಬಿನ್ ತುಸು ತಗ್ಗಿದ್ದರೆ ಅದು ರಕ್ತಹೀನತೆಯೇ ಆಗಬೇಕೆಂದಿಲ್ಲ. ತಿಂಗಳುಗಟ್ಟಲೆ ಓಡಿದವರ ರಕ್ತದಲ್ಲಿ ದ್ರವಭಾಗ ಹೆಚ್ಚುತ್ತದೆ. ಸಾರಿಗೆ ನೀರು ಬೆರೆಸಿದಂತೆ ಸಾಂದ್ರತೆ ಇಳಿಯುತ್ತದೆ, ಒಟ್ಟು ಹಿಮೋಗ್ಲೋಬಿನ್ ಕಡಿಮೆಯಾಗಿರುವುದಿಲ್ಲ. ಎರಡನ್ನೂ ಬೇರ್ಪಡಿಸಲು ಮೈಯಲ್ಲಿ ಕೂಡಿಟ್ಟ ಕಬ್ಬಿಣವೆಷ್ಟು ಎಂದು ಹೇಳುವ ಫೆರಿಟಿನ್ ನೋಡಬೇಕು. 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ದಾಸ್ತಾನು ನಿಜಕ್ಕೂ ಕರಗಿದೆ ಎಂದರ್ಥ, ಆಟಗಾರ್ತಿಯರಲ್ಲಿ ಇದು ಹೆಚ್ಚು. ಮೈಯಲ್ಲಿ ಉರಿಯೂತವಿದ್ದಾಗ ಫೆರಿಟಿನ್ ಸುಳ್ಳೇ ಏರುವುದರಿಂದ ಜೊತೆಗೆ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆ ಕೂಡ ಮಾಡಿಸಿ. ಫೆರಿಟಿನ್ ನೋಡದೆ ಕಬ್ಬಿಣದ ಮಾತ್ರೆ ಶುರು ಮಾಡಬೇಡಿ.

ಕ್ರಿಯಾಟಿನಿನ್ 1.3 ಬಂದರೆ ಅದು ತುಂಬು ಸ್ನಾಯುಗಳದೇ ಕೊಡುಗೆ ಇರಬಹುದು. ಕಿಡ್ನಿಯ ಬಗ್ಗೆ ಅನುಮಾನವಿದ್ದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಸ್ನಾಯುವಿನ ಗಾತ್ರದ ಹಂಗು ಬಹಳ ಕಡಿಮೆ.

ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ತೊಡೆ ಊದಿ ನೋವು ತಡೆಯಲಾಗದಿದ್ದರೆ, ಸಿಪಿಕೆ 5000 ದಾಟಿದರೆ 72 ಗಂಟೆಯ ಲೆಕ್ಕ ಬಿಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಆಗ ಕಿಡ್ನಿಗೆ ಅಪಾಯವಿರುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುವ ಟ್ರೋಪೋನಿನ್ ಕೂಡ ಕಠಿಣ ಆಟದ ನಂತರ ಕೊಂಚ ಏರುತ್ತದೆ, ನಿಜ. ಆದರೆ ಎದೆನೋವು ಬಂದಿದ್ದರೆ, ಮೈದಾನದಲ್ಲಿ ಕಣ್ಣು ಕತ್ತಲೆಯಿಟ್ಟು ಬಿದ್ದಿದ್ದರೆ, ‘ಪ್ರಾಕ್ಟೀಸಿನಿಂದ ಏರಿದೆ’ ಎಂದು ನೀವೇ ತೀರ್ಮಾನಿಸಬೇಡಿ, ಆ ಮಾತನ್ನು ಇಸಿಜಿ ನೋಡಿದ ಹೃದಯ ತಜ್ಞರೇ ಹೇಳಬೇಕು.