ಪರದೆಗೆ ಬೇಕಾದ ಕೆಂಪು ಫಾಸ್ಫರ್ ತಯಾರಿಸುವುದು ಹೇಗೆ?

ಶಕ್ತಿಯನ್ನು ಹೀರಿ ಬೆಳಕಾಗಿ ಹೊಮ್ಮಿಸುವ ಪುಡಿಯೇ ಫಾಸ್ಫರ್. ಬಣ್ಣದ ಪರದೆಗೆ ಕೆಂಪು, ಹಸಿರು, ನೀಲಿ ಮೂರೂ ಬೇಕು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಕಾಟ ಕೊಡುತ್ತಿದ್ದದ್ದು ಕೆಂಪು. ಆಗಿನ ಕೆಂಪು ಪುಡಿ ತುಂಬಾ ಮಂಕು. ಅದಕ್ಕೆ ಹೊಂದಲಿ ಎಂದು ಚೆನ್ನಾಗಿ ಬೆಳಗುತ್ತಿದ್ದ ಹಸಿರು, ನೀಲಿಯನ್ನೂ ತಗ್ಗಿಸುತ್ತಿದ್ದರು. ಇಡೀ ಚಿತ್ರವೇ ಕಳೆಗುಂದುತ್ತಿತ್ತು. 1964ರಲ್ಲಿ ಅಮೆರಿಕದ ಸಂಶೋಧಕರಾದ ಲೆವಿನ್ ಮತ್ತು ಪಲಿಲ್ಲಾ ಯುರೋಪಿಯಂ ಬೆರೆಸಿದ ಯಿಟ್ರಿಯಂ ವೆನಡೇಟ್ ಪುಡಿಯನ್ನು ಮುಂದಿಟ್ಟರು. ಯುರೋಪಿಯಂ, ಯಿಟ್ರಿಯಂನಂಥ ವಿರಳ ಭೂಲೋಹಗಳು ಟಿವಿಯೊಳಗೆ ಬಂದದ್ದು ಹೀಗೆ.

ಇಲ್ಲಿ ಅದರ ಹತ್ತಿರದ ನೆಂಟ, ಯುರೋಪಿಯಂ ಬೆರೆಸಿದ ಯಿಟ್ರಿಯಂ ಆಕ್ಸೈಡನ್ನು ನೋಡೋಣ. ಎಲ್‌ಸಿಡಿ ಪರದೆಗಳ ಹಿಂದಿನ ತೆಳು ಟ್ಯೂಬ್‌ಲೈಟುಗಳಲ್ಲಿ ಕೆಂಪು ಕೊಡುತ್ತಿದ್ದದ್ದು ಇದೇ. ಇದು ಪ್ರಯೋಗಾಲಯದ ಕೆಲಸ, ಅಡುಗೆಮನೆಯಲ್ಲಿ ಮಾಡುವಂಥದ್ದಲ್ಲ.

ಮೊದಲು ಕಚ್ಚಾವಸ್ತು. ಎರಡು ಬಿಳಿ ಪುಡಿಗಳು ಬೇಕು: ಯಿಟ್ರಿಯಂ ಆಕ್ಸೈಡ್, ಯುರೋಪಿಯಂ ಆಕ್ಸೈಡ್. ಎರಡೂ ಶೇ 99.99ರಷ್ಟಾದರೂ ಶುದ್ಧವಾಗಿರಲಿ. ಕಬ್ಬಿಣದಂಥ ಲೋಹ ಅಲ್ಪಸ್ವಲ್ಪ ಸೇರಿದರೂ ಅದು ಬೆಳಕನ್ನು ನುಂಗುತ್ತದೆ. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ, ಆಮೇಲೆ ಎಷ್ಟು ಕಾಯಿಸಿದರೂ ಆ ನಷ್ಟ ತುಂಬುವುದಿಲ್ಲ.

ಇನ್ನು ಅಳತೆ. 100 ಲೋಹದ ಪರಮಾಣುಗಳಲ್ಲಿ 5 ಮಾತ್ರ ಯುರೋಪಿಯಂ ಇರಬೇಕು. 10 ಗ್ರಾಂ ಯಿಟ್ರಿಯಂ ಆಕ್ಸೈಡಿಗೆ ಸುಮಾರು 0.82 ಗ್ರಾಂ ಯುರೋಪಿಯಂ ಆಕ್ಸೈಡ್ ಸಾಕು. ಬೆಳಗುವುದು ಯುರೋಪಿಯಂ ತಾನೇ, ಜಾಸ್ತಿ ಹಾಕಿದರೆ ಜಾಸ್ತಿ ಬೆಳಕು ಬರಬೇಕಲ್ವಾ? ಬರುವುದಿಲ್ಲ. ಯುರೋಪಿಯಂ ಅಯಾನುಗಳು (ವಿದ್ಯುದಂಶ ಹೊತ್ತ ಪರಮಾಣುಗಳು) ತೀರಾ ಹತ್ತಿರ ಬಂದರೆ ಶಕ್ತಿಯನ್ನು ಒಂದರಿಂದ ಒಂದಕ್ಕೆ ದಾಟಿಸತೊಡಗುತ್ತವೆ. ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ಸಾಗಿಸುವಾಗ ನೀರು ಚೆಲ್ಲುವ ಹಾಗೆ, ದಾರಿಯಲ್ಲಿ ಸಿಕ್ಕ ಹರಳಿನ ಯಾವುದೋ ದೋಷದಲ್ಲಿ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಬೆಳಕು ಕುಗ್ಗುತ್ತದೆ.

ಪುಡಿಗಳನ್ನು ಸುಮ್ನೆ ಕಲಸಿದರೆ ಯುರೋಪಿಯಂ ಸಮವಾಗಿ ಹರಡುವುದಿಲ್ಲ. ಅದಕ್ಕೇ ಎರಡನ್ನೂ ಬೆಚ್ಚಗಿನ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಹೊಗೆ ಹೀರುವ ಗೂಡಿನೊಳಗೇ ಈ ಕೆಲಸ ಆಗಬೇಕು. ಕೈಗವಸು, ಕನ್ನಡಕ ಕಡ್ಡಾಯ. ಕರಗಿದ ದ್ರಾವಣಕ್ಕೆ ಆಕ್ಸಾಲಿಕ್ ಆಮ್ಲ ಸುರಿದರೆ ಎರಡೂ ಲೋಹಗಳು ಒಟ್ಟಿಗೇ ಬಿಳಿ ಗಸಿಯಾಗಿ ತಳ ಸೇರುತ್ತವೆ. ಸೋಸಿ, ತೊಳೆದು, ಒಣಗಿಸಿ. ನಂತರ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಮತ್ತೆ ಆಕ್ಸೈಡ್ ಆಗುತ್ತದೆ.

ನನ್ನ ದೃಷ್ಟಿಯಲ್ಲಿ ಮುಂದಿನ ಹಂತವೇ ಪುಡಿಯ ಹಣೆಬರಹ ಬರೆಯುವುದು. ಅಲ್ಯುಮಿನಾ ಮೂಸೆಯಲ್ಲಿ ಹಾಕಿ, ಗಾಳಿಯಾಡುವ ಕುಲುಮೆಯಲ್ಲಿ 1200ರಿಂದ 1400 ಡಿಗ್ರಿಯಲ್ಲಿ ಕೆಲವು ಗಂಟೆ ಸುಡಬೇಕು. ಹರಳು ಅಚ್ಚುಕಟ್ಟಾಗಿ ಬೆಳೆದಷ್ಟೂ ಶಕ್ತಿ ಸೋರುವ ಜಾಗಗಳು ಕಡಿಮೆ. ತಣ್ಣಗಾದ ಮೇಲೆ ಗಂಟುಗಳನ್ನು ಹಗುರವಾಗಿ ಒಡೆದು ಜರಡಿ ಹಿಡಿಯಿರಿ. ಜೋರಾಗಿ ಅರೆದರೆ ಹರಳಿನ ಮೈ ಹಾಳಾಗಿ ಹೊಳಪು ಇಳಿಯುತ್ತದೆ. ಕೆಲವು ಮೈಕ್ರಾನ್ ಗಾತ್ರದ ಕಣಗಳಿದ್ದರೆ ಲೇಪನಕ್ಕೆ ಸರಿ.

ಈಗ ಪರೀಕ್ಷೆ. 254 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ದೀಪ ಹಿಡಿಯಿರಿ. ಕಣ್ಣಿಗೆ, ಚರ್ಮಕ್ಕೆ ಆ ಬೆಳಕು ತಾಗದಿರಲಿ. ನೋಟು ಪರೀಕ್ಷಿಸುವ 365 ನ್ಯಾನೊಮೀಟರ್ ದೀಪಕ್ಕೆ ಈ ಪುಡಿ ಅಷ್ಟಾಗಿ ಸ್ಪಂದಿಸುವುದಿಲ್ಲ, ಹಾಗಾಗಿ ಅದನ್ನು ನೋಡಿ ಕೆಲಸ ಕೆಟ್ಟಿತೆಂದು ಭಾವಿಸಬೇಡಿ. ಹೊಮ್ಮುವ ಕೆಂಪಿನ ವರ್ಣಪಟಲದಲ್ಲಿ ಮುಖ್ಯ ಗೆರೆ 611 ನ್ಯಾನೊಮೀಟರ್ ಬಳಿ ಇರುತ್ತದೆ, ತುಂಬಾ ಕಿರಿದಾಗಿರುತ್ತದೆ. ಬೆಳಕು ಕೊಡುವ ಎಲೆಕ್ಟ್ರಾನುಗಳು ಪರಮಾಣುವಿನ ಒಳಪದರದಲ್ಲಿವೆ. ಹೊರಗಿನ ಎಲೆಕ್ಟ್ರಾನುಗಳು ಅವನ್ನು ಮರೆಮಾಡುವುದರಿಂದ ಸುತ್ತಲಿನ ಹರಳಿನ ಪ್ರಭಾವ ಅವಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಬಣ್ಣ ಅಚ್ಚುಕಟ್ಟಾಗಿರಲು ಇದೇ ಕಾರಣ.

ಹಸಿರು ಬೇಕಿದ್ದರೆ ಟರ್ಬಿಯಂ ಇದೆ, 545 ನ್ಯಾನೊಮೀಟರ್ ಸುತ್ತ ಬೆಳಗುತ್ತದೆ. ನೀಲಿಗೆ ಮತ್ತೆ ಯುರೋಪಿಯಮ್ಮೇ, ಆದರೆ ಅದನ್ನು ಬೇರಿಯಂ ಮೆಗ್ನೀಸಿಯಂ ಅಲ್ಯುಮಿನೇಟಿಗೆ ಬೆರೆಸಿ, ನೈಟ್ರೋಜನ್ ಜೊತೆ ಸ್ವಲ್ಪ ಹೈಡ್ರೋಜನ್ ಇರುವ ಕುಲುಮೆಯಲ್ಲಿ ಸುಡಬೇಕು. ಆಗ ಅದು ಎರಡು ಧನ ವಿದ್ಯುದಂಶದ ಅಯಾನಾಗಿ 450 ನ್ಯಾನೊಮೀಟರ್ ಬಳಿ ನೀಲಿ ಚೆಲ್ಲುತ್ತದೆ. ಈ ರೂಪದಲ್ಲಿ ಹರಳಿನ ಪ್ರಭಾವ ಜೋರು, ಹರಳು ಬದಲಾದರೆ ಬಣ್ಣವೂ ಬದಲಾಗುತ್ತದೆ. ಇದೇ ಅಯಾನನ್ನು ಕ್ಯಾಲ್ಸಿಯಂ ಅಲ್ಯುಮಿನಿಯಂ ಸಿಲಿಕಾನ್ ನೈಟ್ರೈಡಿನಲ್ಲಿಟ್ಟರೆ ಎಲ್‌ಇಡಿಗಳಿಗೆ ಬೇಕಾದ ಕೆಂಪು ಸಿಗುತ್ತದೆ.