ಹೊಸ ನೆಮಟೋಡ್ ಪ್ರಭೇದವನ್ನು ವಿವರಿಸುವ ಕ್ರಮ

ಇಲ್ಲಿ ಹೇಳುವ ನೆಮಟೋಡ್‌ಗಳು ಮಣ್ಣು ಮತ್ತು ಬೇರುಗಳಲ್ಲಿ ಬದುಕುವ ಸೂಕ್ಷ್ಮ ದುಂಡುಹುಳುಗಳು. ಚನ್ನಗಿರಿಯ ಅಡಿಕೆ ತೋಟವಾಗಲಿ, ಹಿರಿಯೂರಿನ ದಾಳಿಂಬೆ ತೋಟವಾಗಲಿ, ಮಣ್ಣನ್ನು ಎಳೆಬೇರುಗಳ ಸಮೇತ ತೆಗೆದು, ಬಿಸಿಲು ತಾಗದಂತೆ ಚೀಲದಲ್ಲಿ ಕಟ್ಟಿ, ಸ್ಥಳದ ಅಕ್ಷಾಂಶ, ರೇಖಾಂಶ ಹಾಗೂ ಬೆಳೆಯ ಹೆಸರನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಜರಡಿ ಮತ್ತು ಬೇರ್ಮನ್ ಆಲಿಕೆಯಿಂದ (ಹುಳುಗಳು ನೀರಿಗಿಳಿದು ತಳದಲ್ಲಿ ಸೇರುವ ಆಲಿಕೆ) ಹುಳುಗಳನ್ನು ಬೇರ್ಪಡಿಸಿದೊಡನೆ ಎರಡು ಪಾಲು ಮಾಡಬೇಕು: ಒಂದು ಆನುವಂಶಿಕ ಪರೀಕ್ಷೆಗೆ, ಇನ್ನೊಂದು ದೇಹರಚನೆಯ ಅಧ್ಯಯನಕ್ಕೆ. ಮಾದರಿಗಳನ್ನು ಕೊಳೆಯದಂತೆ ಕಾಪಿಡುವ ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುವುದರಿಂದ ಆನುವಂಶಿಕ ಪರೀಕ್ಷೆಯ ಪಾಲಿಗೆ ಅದನ್ನು ಸೋಕಿಸಲೇಬಾರದು.

ಇನ್ನೊಂದು ಪಾಲನ್ನು ಬಿಸಿ ಫಾರ್ಮಲಿನ್‌ನಲ್ಲಿ ಸ್ಥಿರೀಕರಿಸಿ, ನಿಧಾನವಾಗಿ ಗ್ಲಿಸರಿನ್‌ಗೆ ಸಾಗಿಸಿ, ಸ್ಲೈಡಿನ ಮೇಲೆ ಕೂರಿಸಬೇಕು. ದೇಹದ ಉದ್ದವನ್ನು ಗರಿಷ್ಠ ಅಗಲ, ಅನ್ನನಾಳದ ಉದ್ದ ಮತ್ತು ಬಾಲದ ಉದ್ದಗಳಿಂದ ಪ್ರತ್ಯೇಕವಾಗಿ ಭಾಗಿಸಿದರೆ ಡಿ ಮಾನ್ ಸೂಚ್ಯಂಕಗಳಾದ ಎ, ಬಿ, ಸಿ ದೊರೆಯುತ್ತವೆ. ಬಾಯಿಯ ಸೂಜಿಯಂಥ ಅಂಗವಾದ ಸ್ಟೈಲೆಟ್‌ನ ಉದ್ದ, ತುಟಿಭಾಗದ ಆಕಾರ, ಪಾರ್ಶ್ವರೇಖೆಗಳ ಸಂಖ್ಯೆ, ಗಂಡಿನ ಸ್ಪಿಕ್ಯೂಲ್ (ಕೂಡುವಾಗ ಬಳಸುವ ಅಂಗ) ಇವುಗಳನ್ನೂ, ಬೇರುಗಂಟಿನ ಹುಳುವಾದರೆ ಹೆಣ್ಣಿನ ಹಿಂಭಾಗದ ಗೆರೆವಿನ್ಯಾಸವನ್ನೂ ಚಿತ್ರಿಸಬೇಕು. ಒಂದೆರಡು ಹುಳುಗಳನ್ನು ಅಳೆದು ಹೊಸದೆನ್ನುವ ಆತುರ ಸಲ್ಲದು. ಆಶ್ರಯ ಸಸ್ಯ ಬದಲಾದಂತೆ ಅಳತೆಯೂ ಬದಲಾಗಬಹುದು.

ಡಿಎನ್‌ಎಯಲ್ಲಿ ಪ್ರಭೇದ ಗುರುತಿಸಲು ಬಳಸುವ ತುಣುಕುಗಳಾದ 28ಎಸ್‌ನ ಡಿ2-ಡಿ3 ಭಾಗ, ಐಟಿಎಸ್ ಮತ್ತು ಸಿಒಐಗಳನ್ನು ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನದಿಂದ ವರ್ಧಿಸಿ, ಅನುಕ್ರಮವನ್ನು ಸಾರ್ವಜನಿಕ ಅನುಕ್ರಮ ಕೋಶವಾದ ಜೀನ್‌ಬ್ಯಾಂಕಿನಲ್ಲಿರುವ ಹತ್ತಿರದ ಪ್ರಭೇದಗಳೊಂದಿಗೆ ಹೋಲಿಸಿ ವಂಶವೃಕ್ಷ ರಚಿಸಬೇಕು. ಶೇಕಡಾವಾರು ವ್ಯತ್ಯಾಸವೊಂದನ್ನೇ ನೆಚ್ಚುವುದು ನನ್ನ ಮಟ್ಟಿಗೆ ದುರ್ಬಲ ವಾದ. ದೇಹರಚನೆ ಮತ್ತು ಡಿಎನ್‌ಎ ಎರಡೂ ಬಗೆಯ ಸಾಕ್ಷ್ಯ ಹೊಂದಿಕೆಯಾದ ಮೇಲೆ ಹೋಲೋಟೈಪನ್ನು (ಹೆಸರಿಗೆ ಆಧಾರವಾದ ಮೂಲ ಮಾದರಿಯನ್ನು) ಮಾನ್ಯ ಸಂಗ್ರಹಾಲಯಕ್ಕೆ ಒಪ್ಪಿಸಿ, ಹೆಸರನ್ನು ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ದಾಖಲೆಯಾದ ಜೂಬ್ಯಾಂಕಿನಲ್ಲಿ ನೋಂದಾಯಿಸಿ ಪ್ರಕಟಿಸಬೇಕು.