ಬೋಟಿನ ಉದ್ದ ಅಳೆಯೋದು ಹೇಗೆ? ಟೇಪನ್ನ ಅಂಚಿನ ಮೇಲೆ ಎಳೀಬೇಡಿ

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟುಗಳಿಗೆ, ಅಂದ್ರೆ ಬಲೆ ಎಳ್ಕೊಂಡು ಮೀನು ಹಿಡಿಯೋ ಬೋಟುಗಳಿಗೆ, ರಜೆ. ಬೋಟನ್ನ ದಡಕ್ಕೆ ಎಳೆದಿಟ್ಟು ಪೇಂಟು, ರಿಪೇರಿ ಎಲ್ಲ ಮುಗಿಸೋದು ಆಗಲೇ, ಉದ್ದ ಸರಿಯಾಗಿ ಅಳೆಯೋಕೂ ಅದೇ ಟೈಮು. ಉದ್ದಕ್ಕೆ ಯಾಕಿಷ್ಟು ತಲೆಕೆಡಿಸಿಕೊಳ್ಬೇಕು ಅಂದ್ರೆ, ಸಮುದ್ರದಲ್ಲಿ ಡಿಕ್ಕಿ ತಪ್ಪಿಸೋಕೆ ಇರೋ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ಲೈಟು, ವಿಸಿಲ್ ಎರಡೂ ಉದ್ದದ ಮೇಲೆ ನಿಂತಿವೆ. 12 ಮೀಟರ್ ಒಳಗಿನ ಬೋಟಿನ ಮಾಸ್ಟ್ ಲೈಟು (ಕಂಬದ ಮೇಲಿನ ಬಿಳಿ ದೀಪ) 2 ನಾಟಿಕಲ್ ಮೈಲಿ ದೂರಕ್ಕೆ ಕಂಡ್ರೆ ಸಾಕು, 12 ಮುಟ್ಟಿದ್ರೆ 3 ಮೈಲಿ, 20 ಮುಟ್ಟಿದ್ರೆ 5 ಮೈಲಿ. 12 ಆದ್ಮೇಲೆ ವಿಸಿಲ್ ಕಡ್ಡಾಯ, 20 ಆದ್ಮೇಲೆ ಗಂಟೆಯೂ ಬೇಕು.

ಮೊದಲು ಟೇಪು. ಸ್ಟೀಲ್ ಟೇಪೇ ತಗೊಳ್ಳಿ, 30 ಮೀಟರಿಂದು. ಬಟ್ಟೆ ಟೇಪು ಎಳೆದಂಗೆ ಹಿಗ್ಗುತ್ತೆ, ಮೊಬೈಲ್ ಆ್ಯಪ್‌ನಲ್ಲಿ ಅಳೆಯೋದಂತೂ ಬೇಡವೇ ಬೇಡ.

ಆಮೇಲೆ ಬೋಟು ಮಟ್ಟವಾಗಿದೆಯಾ ನೋಡಿ. ಮೇಸ್ತ್ರಿಗಳು ಬಳಸೋ ನೀರು ತುಂಬಿದ ಪಾರದರ್ಶಕ ಪೈಪು ಸಾಕು, ಬೋಟಿನ ಮೈಮೇಲಿರೋ ನೀರಿನ ಗೆರೆ ಮುಂದೆ ಹಿಂದೆ ಒಂದೇ ಎತ್ತರದಲ್ಲಿದೆಯಾ ಅಂತ ಹಿಡಿದು ನೋಡಿ, ಇಲ್ಲದಿದ್ರೆ ಜಾಕ್ ಕೊಟ್ಟು ಮರದ ತುಂಡು ಇಟ್ಟು ಸರಿಮಾಡಿ. ಮೂತಿ ಬರೀ ಮೂರು ಡಿಗ್ರಿ ಮೇಲಕ್ಕೆದ್ದಿದ್ರೂ 12 ಮೀಟರ್ ಬೋಟು ಕೆಲವು ಸೆಂಟಿಮೀಟರ್ ಕಮ್ಮಿ ತೋರಿಸುತ್ತೆ.

ಈಗ ಎಲ್ಲರೂ ಎಡವೋ ಜಾಗ. ಇಬ್ಬರು ನಿಂತು ಟೇಪನ್ನ ಬೋಟಿನ ಅಂಚಿನ ಮೇಲೇ ಎಳ್ಕೊಂಡು ಹೋಗ್ತಾರೆ, ಅಂಚು ಹೊಟ್ಟೆ ಹತ್ರ ಹೊರಕ್ಕೆ ಉಬ್ಬಿರುತ್ತೆ, ಮೂತಿ ಹತ್ರ ಮೇಲಕ್ಕೇರುತ್ತೆ, ಆ ಬಾಗೆಲ್ಲ ಲೆಕ್ಕಕ್ಕೆ ಸೇರಿಬಿಡುತ್ತೆ. ನಾನು ನೋಡಿದ ಒಂದು ಬೋಟು ಹಾಗೆ 12.2 ಮೀಟರ್ ಬಂದಿತ್ತು, ನೆಲದಲ್ಲಿ ಅಳೆದಾಗ 11.86. ಬೇಕಿರೋದು ಮೂತಿಯ ತುದಿಯಿಂದ ಹಿಂಬದಿಯ ತುದಿಗೆ ಮೇಲೆ ಕೆಳಗೆ ವಾಲದ ನೇರ ಗೆರೆ, ಅಷ್ಟೇ. ಮೂತಿಯ ಅತಿ ಮುಂದಿನ ಬಿಂದುವಿನಿಂದ ತೂಗುಗುಂಡು ಇಳಿಬಿಡಿ, ಮಳೆಗಾಲದ ಗಾಳಿಗೆ ದಾರ ನಿಲ್ಲಲ್ಲ, ಅದಕ್ಕೆ ಗುಂಡನ್ನ ನೀರಿರೋ ಬಕೆಟ್ಟಿನಲ್ಲಿ ಮುಳುಗಿಸಿ, ಅರ್ಧ ನಿಮಿಷದಲ್ಲಿ ತೂಗಾಟ ನಿಲ್ಲುತ್ತೆ, ಆಮೇಲೆ ದಾರದ ಪಕ್ಕಕ್ಕೇ ಒಂದು ಗೂಟ ನೆಟ್ಟಗೆ ಹೊಡೀರಿ. ಹಿಂದೆಯೂ ಹಾಗೇ. ಎರಡು ಗೂಟಕ್ಕೂ ಒಂದೇ ಮಟ್ಟದಲ್ಲಿ ಗುರುತು ಹಾಕಿ, ಬೋಟಿನ ನಡುಗೆರೆಗೆ ಸಮಾನಾಂತರವಾಗಿ ಟೇಪು ಬಿಗಿಯಾಗಿ ಎಳೀರಿ. ಕೀಲ್ (ಬೋಟಿನ ತಳದ ನಡುವಿನ ಉದ್ದನೆ ದಿಂಡು) ಅಡ್ಡ ಬಂದ್ರೆ ಎರಡು ಗುರುತನ್ನೂ ಒಂದೇ ಪಕ್ಕಕ್ಕೆ ಒಂದೇ ಅಳತೆ ಸರಿಸ್ಕೊಳ್ಳಿ. ಮೂರು ಸಲ ಅಳೀರಿ, ಒಂದೇ ಸಲಕ್ಕೆ ನಂಬಬೇಡಿ.

ತುದಿ ಅಂದ್ರೆ ಯಾವುದು? ಸಣ್ಣ ಬೋಟುಗಳ ಅಳತೆಗಿರೋ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 8666ರ ಪ್ರಕಾರ ಬೋಟಿನ ಮೈಗೆ ಹಾನಿಯಾಗದೆ ಬಿಚ್ಚೋಕೆ ಬರೋದು ಹಲ್ ಉದ್ದಕ್ಕೆ, ಅಂದ್ರೆ ಬೋಟಿನ ಮೈಯ ಉದ್ದಕ್ಕೆ, ಸೇರಲ್ಲ: ಚುಕ್ಕಾಣಿ, ಔಟ್‌ಬೋರ್ಡ್ ಇಂಜಿನ್ನು, ಅದರ ಬ್ರಾಕೆಟ್ಟು, ಹತ್ತಿಳಿಯೋಕೆ ಇಟ್ಟಿರೋ ಕಟ್ಟೆ. ಫೆಂಡರ್ (ಬೋಟಿಗೆ ಪೆಟ್ಟು ಬೀಳದಂಗೆ ಕಟ್ಟೋ ತಡೆ) ಕೂಡ ಬಿಡ್ಬೇಕು, ಅಂದ್ರೆ ಮೂತಿಗೆ ಕಟ್ಟಿರೋ ಟಯರೂ ಲೆಕ್ಕಕ್ಕಿಲ್ಲ. ಫೈಬರ್ ಹಾಕಿ ಮೈಗೇ ಸೇರಿಸಿ ಉದ್ದ ಮಾಡಿದ್ರೆ ಅದು ಬೋಟೇ, ಸೇರಿಸ್ಲೇಬೇಕು. ಅನುಮಾನ ಇದ್ರೆ ಎರಡೂ ಅಳತೆ ಬರೆದಿಟ್ಟು ಸರ್ವೇಯರಿಗೆ ತೋರಿಸಿ.

ಅಡಿಯಿಂದ ಮೀಟರಿಗೆ ತರೋವಾಗ 0.3ರಿಂದ ಗುಣಿಸೋದು ಬಿಟ್ಬಿಡಿ, 0.3048 ಬಳಸಿ. 40 ಅಡಿ ಬೋಟು 12 ಮೀಟರ್ ಅಲ್ಲ, 12.19. ನಿಮ್ಮದು 39 ಅಡಿ ಇದ್ರೆ 11.89, ಕೂದಲೆಳೆ ಅಂತರದಲ್ಲಿ ಒಳಗೆ ಅಷ್ಟೇ, ನನ್ನ ಮಾತು ಕೇಳಿದ್ರೆ 3 ಮೈಲಿ ಲೈಟೇ ಹಾಕ್ಸಿ. ಲಾರಿಗೆ ಹಾಕೋ ಎಲ್ಇಡಿ ಪಟ್ಟಿ ಬೇಡ, ಕಣ್ಣು ಕುಕ್ಕುತ್ತೆ ಹೊರತು ಯಾವ ಕೋನದಿಂದ ಎಷ್ಟು ದೂರ ಕಾಣ್ಬೇಕೋ ಅದಕ್ಕೆ ಲೆಕ್ಕವೇ ಇರಲ್ಲ. ಎಷ್ಟು ಮೈಲಿ ಅಂತ ಮೈಮೇಲೇ ಬರೆದಿರೋ ನ್ಯಾವಿಗೇಷನ್ ಲೈಟೇ ಕೇಳಿ ತಗೊಳ್ಳಿ.